ನೋವಿನ ಹಾದಿಯಲ್ಲೊಂದು ತೂಬು

ಕಳೆದ ಶ್ರಾವಣದಲ್ಲಿ ಪಾಂಡವಪುರ ತಾಲ್ಲೂಕಿನ ಒಂದು ಊರಿಗೆ ಹೋಗಿದ್ದಾಗ ಎಪ್ಪತ್ತು ದಾಟಿದ ತಾಯಿಯೊಬ್ಬರನ್ನು ಕಂಡೆನು. ಅವರಿಗೆ ಸರ್ಪಸುತ್ತು ಆಗಿ ಐದು ತಿಂಗಳು ಕಳೆದಿತ್ತು. ಗುಳ್ಳೆಗಳೊಣಗಿ ಚರ್ಮ ಮಾಗಿತ್ತು. ಆದರೂ ಸೆರಗು ಸೋಕಿದರೆ ಸಾಕು, ಕೆಂಡ ತಗುಲಿದಂತೆ ನರಳುತ್ತಿದ್ದರು. “ಗಾಯ ಮಾಗೋಯ್ತು ಅಯ್ನೋರೇ, ಅವ್ವಂಗೆ ಬರೀ ಭ್ರಮೆ” ಎಂದರು ಮಗ. ಈ ಮಾತು ಅನೇಕ ಮನೆಗಳಲ್ಲಿ ಕೇಳಿಬರುವುದರಿಂದ ಇಲ್ಲಿ ನಾಲ್ಕು ಸಾಲು ಬರೆಯಬೇಕೆನಿಸಿತು.

ಚರ್ಮದಿಂದ ಹೊರಟ ನೋವಿನ ಸುದ್ದಿ ನೇರವಾಗಿ ಮಿದುಳನ್ನು ಮುಟ್ಟುವುದಿಲ್ಲ. ಬೆನ್ನುಹುರಿಯ ಹಿಂಭಾಗದಲ್ಲಿ ಅದು ಒಂದು ನರದಿಂದ ಮತ್ತೊಂದಕ್ಕೆ ದಾಟಬೇಕು. ಅಲ್ಲೊಂದು ಬಾಗಿಲುಂಟೆಂದು 1965ರಲ್ಲಿ ಮೆಲ್ಜ್ಯಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು ಪ್ರತಿಪಾದಿಸಿದರು. ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶ್ರೀರಂಗಪಟ್ಟಣದ ನಾಲೆಯಲ್ಲಾಗಲಿ, ಕೃಷ್ಣರಾಜಪೇಟೆ, ನಾಗಮಂಗಲಗಳ ಕೆರೆಗಳಲ್ಲಾಗಲಿ ನೀರಿದ್ದ ಮಾತ್ರಕ್ಕೆ ಗದ್ದೆ ನೆನೆಯದು. ನೀರುಗಂಟಿ ತೂಬನ್ನು ಎಷ್ಟು ಎತ್ತಿದನೆಂಬುದೇ ಮುಖ್ಯ. ಎಡವಿದ ಬೆರಳನ್ನು ಉಜ್ಜಿಕೊಂಡರೆ ನೋವು ತಗ್ಗುವುದೂ ಇದರಿಂದಲೇ. ಸ್ಪರ್ಶದ ನರಗಳು ತೂಬನ್ನು ಕೊಂಚ ಇಳಿಸುತ್ತವೆ.

ಬೆನ್ನುಹುರಿಯ ನೀರುಗಂಟಿಗಳಲ್ಲಿ ನ್ಯೂರೋಪೆಪ್ಟೈಡುಗಳೆಂಬ ಸೂಕ್ಷ್ಮ ವಸ್ತುಗಳು ಸೇರಿವೆ. ಅಮೈನೋ ಆಮ್ಲಗಳು ಮಣಿಗಳಂತೆ ಪೋಣಿಸಿಕೊಂಡ ಕಿರುಸರಗಳಿವು. ‘ಸಬ್‌ಸ್ಟನ್ಸ್ ಪಿ’ ಎಂಬುದನ್ನು 1931ರಲ್ಲಿ ಫಾನ್ ಆಯ್ಲರ್ ಮತ್ತು ಗ್ಯಾಡಮ್ ಕಂಡುಹಿಡಿದರು; ಅದರ 11 ಮಣಿಗಳ ಕ್ರಮ ತಿಳಿಯಲು 1971ರವರೆಗೆ ಕಾಯಬೇಕಾಯಿತು. ಗ್ಲುಟಮೇಟ್ ಎಂಬ ವಸ್ತು ಸುದ್ದಿಯನ್ನು ಥಟ್ಟನೆ ದಾಟಿಸಿದರೆ, ಸಬ್‌ಸ್ಟನ್ಸ್ ಪಿ ಆ ಸುದ್ದಿಯನ್ನು ಪಡೆಯುವ ಕೋಶವನ್ನು ಬಹುಹೊತ್ತು ಕೆರಳಿಸಿಡುತ್ತದೆ. ಇದಕ್ಕೆ ಎದುರಾಗಿ ತೂಬನ್ನು ಇಳಿಸುವುದು ಎನ್‌ಕೆಫಲಿನ್. ಐದೇ ಮಣಿಗಳ ಈ ಸರವನ್ನು 1975ರಲ್ಲಿ ಹ್ಯೂಸ್ ಮತ್ತು ಕಾಸ್ಟರ್‌ಲಿಟ್ಜ್ ಹಂದಿಯ ಮಿದುಳಿನಲ್ಲಿ ಗುರುತಿಸಿದರು. ಗಸಗಸೆ ಗಿಡದ ಮಾರ್ಫಿನ್ ನೋವನ್ನು ಶಮನಗೊಳಿಸುವುದು ಎನ್‌ಕೆಫಲಿನ್ ಕೂರುವ ಪೀಠಗಳ ಮೇಲೆಯೇ ಕುಳಿತು. ಹೊರಗಿನ ಮದ್ದಿಗೆ ಒಳಗೆ ಮೊದಲೇ ಪೀಠವಿತ್ತೆಂಬುದು ಸೋಜಿಗವಲ್ಲವೇ!

ಹಾಗಾದರೆ ಸಬ್‌ಸ್ಟನ್ಸ್ ಪಿಯನ್ನು ತಡೆದರೆ ನೋವೇ ಇಲ್ಲವಾಗಬೇಕಷ್ಟೆ? ಅಂಥ ಔಷಧಿಗಳು ಪ್ರಾಣಿಗಳಲ್ಲಿ ಭರವಸೆ ಹುಟ್ಟಿಸಿ, ಮನುಷ್ಯರ ನೋವಿನಲ್ಲಿ ಸೋತವು. ಆ ಬಳಗದ ಅಪ್ರೆಪಿಟೆಂಟ್ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬರುವ ವಾಂತಿಗೆ ಮದ್ದಾಗಿ 2003ರಲ್ಲಿ ಬಳಕೆಗೆ ಬಂದಿತು. ತೂಬಿಗೆ ನೀರುಗಂಟಿ ಒಬ್ಬನೇ ಅಲ್ಲ.

ಸರ್ಪಸುತ್ತಿನ ವೈರಾಣು ನರವನ್ನೇ ಕೆಡಿಸುತ್ತದೆ. ಕೆಟ್ಟ ನರ ಬಿಡದೆ ಕೂಗುತ್ತಿದ್ದರೆ ಬೆನ್ನುಹುರಿಯ ಕೋಶಗಳು ಮಾರ್ಪಟ್ಟು, ಎತ್ತಿದ ತೂಬು ಇಳಿಯದಂತಾಗುತ್ತದೆ. ಆಗ ಸೆರಗಿನ ಸ್ಪರ್ಶವೂ ಉರಿಯಾಗಿಯೇ ಮಿದುಳನ್ನು ಸೇರುತ್ತದೆ. ಆ ತಾಯಿಯದು ಭ್ರಮೆಯಲ್ಲ, ದೇಹದಲ್ಲಿ ನಡೆದ ಸಂಗತಿ.

ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಈ ನೋವಿಗೆ ಲೇಪನವಾಗಿದೆ. ಮೊದಲು ಉರಿಸಿ, ಬಳಿಕ ನರದ ತುದಿಗಳನ್ನು ಮಂಕಾಗಿಸುತ್ತದೆ. ಹಾಗೆಂದು ಅಡುಗೆಮನೆಯ ಖಾರವನ್ನು ಅರೆದು ಹಚ್ಚೀರಿ, ಜೋಕೆ!

ಗುಳ್ಳೆ ಎದ್ದೊಡನೆ ಕೆಮ್ಮಣ್ಣು ಹಚ್ಚಿಸುವ ರೂಢಿ ನಮ್ಮಲ್ಲಿದೆ. ಅದರಿಂದ ವೈರಾಣು ಸಾಯದು. 72 ಗಂಟೆಗಳೊಳಗೆ ವೈದ್ಯರಲ್ಲಿಗೆ ಹೋದರೆ ವೈರಾಣುವನ್ನು ಹತ್ತಿಕ್ಕುವ ಮಾತ್ರೆಗಳು ಚೆನ್ನಾಗಿ ಫಲಿಸುತ್ತವೆ. ಆ ತಾಯಿಗೆ ಆ ಹೊತ್ತು ಮೀರಿತ್ತು. ಮಗ ಅವರನ್ನು ಮಂಡ್ಯಕ್ಕೆ ಕರೆದೊಯ್ದರು. ಬೆನ್ನುಹುರಿಯಲ್ಲಿ ನೋವಿನ ಸುದ್ದಿಯನ್ನು ತಗ್ಗಿಸುವ ಗ್ಯಾಬಪೆಂಟಿನ್ ಮಾತ್ರೆಯನ್ನು ವೈದ್ಯರು ಬರೆದುಕೊಟ್ಟರು. ಸೆರಗು ಸೋಕಿದರೆ ಇಂದಿಗೂ ಬೆಚ್ಚುತ್ತಾರೆ. ಆದರೆ ರಾತ್ರಿ ನಿದ್ರೆ ಬರುತ್ತಿದೆಯಂತೆ.