‘ಘಾಚರ್ ಘೋಚರ್’: ದುಡಿಯುವವನ ಮನೆಯ ಮೌನ

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಕನ್ನಡದಲ್ಲಿ ಪ್ರಕಟವಾದದ್ದು 2013ರಲ್ಲಿ. 2015ರಲ್ಲಿ ಶ್ರೀನಾಥ್ ಪೇರೂರ್ ಅದನ್ನು ಇಂಗ್ಲಿಷಿಗೆ ತಂದರು. ಒಂದು ರಜೆಯ ದಿನ ಕೂತು ಓದಿ ಮುಗಿಸಬಹುದಾದ ಸಣ್ಣ ಕಾದಂಬರಿ. ಆದರೆ ದುಬೈ, ಅಬುಧಾಬಿಗಳಲ್ಲಿ ದುಡಿಯುವ ನಮ್ಮಂಥವರ ಮನಸ್ಸಿನಿಂದ ಅದು ಅಷ್ಟು ಬೇಗ ಹೋಗುವುದಿಲ್ಲ.

ಕಥೆ ಹೇಳುವವನು ಬೆಂಗಳೂರಿನ ಒಂದು ಕಾಫಿ ಹೌಸಿನಲ್ಲಿ ಕೂತಿದ್ದಾನೆ. ಹಿಂದೆ ಅಪ್ಪನ ಸಂಬಳದಲ್ಲಿ ಲೆಕ್ಕ ಹಾಕಿ ಬದುಕುತ್ತಿದ್ದ ಸಂಸಾರ ಅವನದು. ಚಿಕ್ಕಪ್ಪ ಸೋನಾ ಮಸಾಲಾ ವ್ಯಾಪಾರ ಶುರು ಮಾಡಿದ ಮೇಲೆ ದುಡ್ಡು ಬಂತು, ಮನೆಯ ನಡತೆಯೂ ಬದಲಾಯಿತು. ದುಡಿಯುವವನ ಮನಸ್ಸಿಗೆ ನೋವಾಗಬಾರದು, ಅವನನ್ನು ಯಾರೂ ಪ್ರಶ್ನಿಸಬಾರದು. ಒಂದು ದಿನ ಚಿಕ್ಕಪ್ಪನಿಗಾಗಿ ಮಸೂರ್ ಬೇಳೆಯ ಅಡುಗೆ ಮಾಡಿಕೊಂಡು ಬಂದ ಹೆಂಗಸನ್ನು ಮನೆಯವರು ಬೈದು ಅಟ್ಟುತ್ತಾರೆ. ಇದು ಸರಿಯಲ್ಲ ಎಂದು ಬಾಯಿಬಿಟ್ಟು ಹೇಳುವವಳು ಸೊಸೆ ಅನಿತಾ ಒಬ್ಬಳೇ. ಅವಳ ಗಂಡ, ಅಂದರೆ ನಮಗೆ ಕಥೆ ಹೇಳುತ್ತಿರುವವನು, ಸುಮ್ಮನಿರುತ್ತಾನೆ.

ಆ ಸುಮ್ಮನಿದ್ದದ್ದೇ ಅವನನ್ನು ಕಾಡುವ ತಪ್ಪು. ಅದನ್ನು ನೇರವಾಗಿ ಹೇಳಲಾರದೆ ಹಳೆಯ ಮನೆಯ ಇರುವೆಗಳು, ಅಕ್ಕ ಮಾಲತಿಯ ಸಂಸಾರ, ಕಾಫಿ ಹೌಸಿನ ವಿನ್ಸೆಂಟ್ ಎಂದು ಸುತ್ತುತ್ತಾನೆ. ಆಸ್ಪತ್ರೆಯ ಔಷಧದ ಕೌಂಟರಿನಲ್ಲಿ ನಿಂತವರಿಗೆ ಈ ಬಗೆ ಹೊಸದಲ್ಲ. “ಬಿಪಿ ಮಾತ್ರೆ ದಿನಾ ತಗೊಳ್ತೀರಾ?” ಎಂದು ಕೇಳಿದರೆ ಬಿಸಿಲು, ಓವರ್‌ಟೈಮ್, ರೂಮಿನ ಊಟ ಎಲ್ಲದರ ಕಥೆಯೂ ಬರುತ್ತದೆ. ಮಾತ್ರೆ ಮುಗಿದು ಎಷ್ಟು ದಿನವಾಯಿತು ಎಂಬ ಒಂದು ಮಾತು ಮಾತ್ರ ಬರುವುದಿಲ್ಲ. ಹೇಳಿದ್ದರಲ್ಲಿ ಸುಳ್ಳಿಲ್ಲ, ಕಾಯಿಲೆ ಇರುವುದು ಹೇಳದೆ ಬಿಟ್ಟದ್ದರಲ್ಲಿ.

ಕಾದಂಬರಿ ಓದುವಾಗ ಆ ಗಂಡನನ್ನು ಬೈಯುವುದು ಸುಲಭ. ಆದರೆ ಊರಿನ ನಮ್ಮ ಮನೆಗಳಲ್ಲಿ ಚಿಕ್ಕಪ್ಪನ ಜಾಗದಲ್ಲಿರುವವರು ನಾವೇ. ತಿಂಗಳ ಕೊನೆಗೆ ಎಕ್ಸ್‌ಚೇಂಜಿನ ಸಾಲಿನಲ್ಲಿ ನಿಂತು ಹಣ ಕಳಿಸುತ್ತೇವೆ. ಫೋನ್ ಮಾಡಿದರೆ “ಇಲ್ಲಿ ಎಲ್ಲ ಚೆನ್ನಾಗಿದೆ” ಎನ್ನುತ್ತಾರೆ. ಅಪ್ಪನ ಕಾಯಿಲೆ, ತಮ್ಮನ ಸಾಲ, ಅತ್ತೆ ಸೊಸೆಯರ ಮನಸ್ತಾಪ, ಯಾವುದೂ ನಮ್ಮ ಕಿವಿಗೆ ಬೀಳುವುದಿಲ್ಲ. ಪಾಪ, ದೂರದಲ್ಲಿದ್ದಾನೆ ಎಂಬ ಪ್ರೀತಿಯೂ ಅದರಲ್ಲಿದೆ. ಹಣ ಕಳಿಸುವವನಿಗೆ ಎದುರು ಹೇಳುವುದು ಹೇಗೆ ಎಂಬ ಹೆದರಿಕೆಯೂ ಇದೆ.

‘ಘಾಚರ್ ಘೋಚರ್’ ಯಾವ ನಿಘಂಟಿನಲ್ಲೂ ಇಲ್ಲದ, ಅನಿತಾಳ ತವರಿನ ಮಾತು. ಬಿಡಿಸಲಾಗದಷ್ಟು ಸಿಕ್ಕುಬಿದ್ದದ್ದು ಎಂದು ಅರ್ಥ. ಸಿಕ್ಕು ಬಿಗಿಯಾಗುವ ಮೊದಲು ನಮ್ಮ ಮನೆಯಲ್ಲಿ ಎದುರು ಮಾತಾಡಬಲ್ಲವರು ಯಾರು ಎಂದು ಯೋಚಿಸಿ. ಮುಂದಿನ ಸಲ ಫೋನ್ ಅವರ ಕೈಗೆ ಕೊಡಲು ಹೇಳಿ. ಅವರು ಹೇಳುವುದು ಹಿಡಿಸದಿದ್ದರೂ ನಡುವೆ ಫೋನ್ ಇಡಬೇಡಿ.