ಬ್ಯಾಂಕಿಗಿಂತ ಮೊದಲು ಬಂದ ಮೊಬೈಲ್

ಪ್ರಶ್ನೆ: ಆಫ್ರಿಕಾದ ಸ್ಟಾರ್ಟಪ್ ಸುದ್ದಿಗಳಲ್ಲಿ ಹಣ ಪಾವತಿಯ ಕಂಪನಿಗಳೇ ಹೆಚ್ಚು ಕಾಣುತ್ತವಲ್ಲ, ಯಾಕೆ?

ಉತ್ತರ: ಅಲ್ಲಿನ ಎಷ್ಟೋ ಊರುಗಳಿಗೆ ಬ್ಯಾಂಕು ಕಾಲಿಡುವ ಮೊದಲೇ ಮೊಬೈಲ್ ಹೋಗಿ ಕೂತಿತ್ತು, ಅದಕ್ಕೆ. ಕೆನ್ಯಾದಲ್ಲಿ ಮೊಬೈಲ್ ಕಂಪನಿ ಸಫಾರಿಕಾಂ 2007ರಲ್ಲಿ ಎಂ-ಪೆಸಾ ಎಂಬ ಹಣ ಕಳಿಸುವ ಸೇವೆ ಶುರುಮಾಡಿತು. ಸ್ಮಾರ್ಟ್‌ಫೋನ್ ಬೇಕಿರಲಿಲ್ಲ, ಇಂಟರ್ನೆಟ್ಟೂ ಬೇಕಿರಲಿಲ್ಲ. ಅಂಗಡಿಯ ಏಜೆಂಟನಿಗೆ ನಗದು ಕೊಟ್ಟರೆ ಅಷ್ಟೂ ಮೊತ್ತ ನಿಮ್ಮ ನಂಬರಿನ ಖಾತೆಗೆ ಜಮಾ. ಊರಲ್ಲಿರುವ ಅಮ್ಮನಿಗೆ ಕಳಿಸಬೇಕೇ? ಸಿಮ್ಮಿನ ಮೆನು ತೆರೆದು ಆಕೆಯ ನಂಬರು, ಮೊತ್ತ, ಪಿನ್ ಒತ್ತಿದರಾಯಿತು; ಆಕೆ ತನ್ನೂರಿನ ಏಜೆಂಟನ ಬಳಿ ನಗದು ಪಡೆಯುತ್ತಾಳೆ. ಮೊದಲ ಪ್ರಯೋಗ ನಡೆದದ್ದು ಕಿರುಸಾಲದ ಕಂತು ಕಟ್ಟಿಸಿಕೊಳ್ಳಲು. ಜನ ಅದನ್ನು ಮನೆಗೆ ದುಡ್ಡು ಕಳಿಸುವ ದಾರಿ ಮಾಡಿಕೊಂಡರು!

ದುಡ್ಡು ಓಡಾಡತೊಡಗಿದ ಮೇಲೆ ಬೇರೆ ವ್ಯಾಪಾರಗಳೂ ಹಿಂದೆಯೇ ಬಂದವು. ನೈರೋಬಿಯ ಎಂ-ಕೋಪಾ ಕಂಪನಿ ಸೌರದೀಪದ ಕಿಟ್ಟನ್ನು ಕಂತಿನ ಮೇಲೆ ಮಾರಿತು. ಕಂತು ಬಾರದಿದ್ದರೆ ಕಿಟ್ಟಿನೊಳಗಿನ ಸಿಮ್ ಮೂಲಕ ದೂರದಿಂದಲೇ ದೀಪ ಬಂದ್. (ವಸೂಲಿಗೆ ಮನೆಬಾಗಿಲು ತಟ್ಟುವ ಕೆಲಸ ತಪ್ಪಿತು; ಇದು ಜಾಣತನವೂ ಹೌದು, ಸ್ವಲ್ಪ ಕಠೋರವೂ ಹೌದು.) ನೈಜೀರಿಯಾದ ಪೇಸ್ಟ್ಯಾಕ್ ವ್ಯಾಪಾರಿಗಳಿಗೆ ಆನ್‌ಲೈನ್ ಪಾವತಿ ಪಡೆಯುವ ವ್ಯವಸ್ಥೆ ಕಟ್ಟಿಕೊಟ್ಟಿತು. ಅದನ್ನು 2020ರಲ್ಲಿ ಪಾವತಿ ಕಂಪನಿ ಸ್ಟ್ರೈಪ್ ಕೊಂಡಿತು. ವರದಿಗಳ ಪ್ರಕಾರ ಬೆಲೆ 20 ಕೋಟಿ ಡಾಲರಿಗೂ ಮೇಲೆ. ಹೂಡಿಕೆದಾರರಿಗೆ ಅದಕ್ಕಿಂತ ದೊಡ್ಡ ಜಾಹೀರಾತು ಬೇಕಿರಲಿಲ್ಲ.