ಕಲ್ಲಿಗೂ ಸಕ್ಕರೆಗೂ ಏನು ನಂಟು?

ನಮ್ಮವರಲ್ಲಿ ಯಾರಿಗಾದರೂ ಕಿಡ್ನಿಯಲ್ಲಿ ಕಲ್ಲು ಅಂದ ಕೂಡಲೇ ಮೊದಲ ಪ್ರಶ್ನೆ, "ಟೊಮೆಟೊ ಜಾಸ್ತಿ ತಿಂದ್ರಾ?" ಆಮೇಲೆ ಬಾಳೆದಿಂಡಿನ ರಸ ಶುರು, ಹಾಲು ಮೊಸರು ಬಂದ್. ಸೊಂಟದ ಸುತ್ತಳತೆ ಎಷ್ಟು, ರಕ್ತದಲ್ಲಿ ಸಕ್ಕರೆ ಎಷ್ಟು ಅಂತ ಯಾರೂ ಕೇಳುವುದಿಲ್ಲ. ಥಾಣೆಯಲ್ಲಿರುವ ನನ್ನ ಸೋದರಮಾವನಿಗೆ ಎರಡು ಸಲ ಕಲ್ಲಾಯಿತು, ನಡುವೆ ಸಕ್ಕರೆ ಕಾಯಿಲೆಯೂ ಬಂತು. ಅತ್ತೆ ಎರಡಕ್ಕೂ ಬೇರೆ ಬೇರೆ ಫೈಲು ಮಾಡಿ ಇಟ್ಟಿದ್ದಾರೆ. ಓದುತ್ತಾ ಹೋದರೆ ಎರಡೂ ಒಂದೇ ಲೆಡ್ಜರಿನ ಖಾತೆಗಳು!

ಮೂತ್ರ ಅಂದರೆ ಲವಣಗಳು ಕರಗಿರುವ ನೀರು. ನೀರು ಕಮ್ಮಿಯಾಗಿ ಲವಣ ಹೆಚ್ಚಾದರೆ ಹರಳು ಕಟ್ಟುತ್ತದೆ. ಬಹುಪಾಲು ಕಲ್ಲುಗಳು ಕ್ಯಾಲ್ಸಿಯಂ ಆಕ್ಸಲೇಟಿನವು. ಇನ್ನೊಂದು ಜಾತಿ ಯೂರಿಕ್ ಆಮ್ಲದ್ದು. ಸ್ವೀಡನ್ನಿನ ಷೀಲೆ 1776ರಲ್ಲಿ ಈ ಆಮ್ಲವನ್ನು ಮೊದಲು ಕಂಡದ್ದೇ ಮೂತ್ರಕೋಶದ ಕಲ್ಲಿನಲ್ಲಿ. ಸಕ್ಕರೆ ಕಾಯಿಲೆಯ ನಂಟು ಎದ್ದು ಕಾಣುವುದು ಈ ಜಾತಿಯಲ್ಲೇ.

ಅದು ಹೇಗಪ್ಪಾ ಅಂದರೆ, ದೇಹದಲ್ಲಿ ದಿನಾ ಹುಟ್ಟುವ ಆಮ್ಲವನ್ನು ಹೊರಗೆ ಸಾಗಿಸಲು ಮೂತ್ರಪಿಂಡ ಅಮೋನಿಯ ತಯಾರಿಸುತ್ತದೆ. ಹಾಗಾಗಿ ಮೂತ್ರ ವಿಪರೀತ ಹುಳಿಯಾಗುವುದಿಲ್ಲ. ಈ ತಯಾರಿಕೆಗೆ ಇನ್ಸುಲಿನ್ನಿನ ಒತ್ತಾಸೆ ಬೇಕು. ಹೊಟ್ಟೆಯ ಸುತ್ತ ಕೊಬ್ಬು ಸೇರಿ ದೇಹ ಇನ್ಸುಲಿನ್ನಿನ ಮಾತು ಕೇಳದ ಹಾಗಾದರೆ ಅಮೋನಿಯ ಇಳಿಯುತ್ತದೆ, ಮೂತ್ರ ಹುಳಿಯೇರುತ್ತದೆ. ಪಿ.ಎಚ್. 5.5ಕ್ಕಿಂತ ಕೆಳಗಿಳಿದರೆ ಯೂರಿಕ್ ಆಮ್ಲ ಸರಿಯಾಗಿ ಕರಗುವುದಿಲ್ಲ, ಹರಳಾಗಿ ಕೂತುಬಿಡುತ್ತದೆ. ರಕ್ತಪರೀಕ್ಷೆಯಲ್ಲಿ ಯೂರಿಕ್ ಆಮ್ಲ ಸರಿಯಾಗಿದ್ದವರಿಗೂ ಹೀಗಾಗಬಹುದು.

ಇದೆಲ್ಲ ವಯಸ್ಸಾದವರ ಗೋಳು ಅಂತ ಪುಟ ತಿರುಗಿಸಬೇಡಿ. 2005ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, 21ನೇ ವಯಸ್ಸಿನಿಂದೀಚೆಗೆ 35 ಪೌಂಡಿಗಿಂತ, ಅಂದರೆ ಸುಮಾರು 16 ಕಿಲೋಗಿಂತ ಹೆಚ್ಚು ತೂಕ ಏರಿಸಿಕೊಂಡ ಗಂಡಸರಿಗೆ, ತೂಕ ಬದಲಾಗದವರಿಗಿಂತ ಕಲ್ಲಿನ ಅಪಾಯ ಶೇ. 39ರಷ್ಟು ಹೆಚ್ಚು ಕಂಡಿತು. ಹೆಂಗಸರಲ್ಲಿ ಇನ್ನೂ ಹೆಚ್ಚು. ನನಗೀಗ ಇಪ್ಪತ್ತು, ಲೆಕ್ಕ ಶುರುವಾಗುವುದು ಮುಂದಿನ ವರ್ಷ! ನಮ್ಮ ದೇಶದವರಿಗೆ ಸೊಂಟದ ಗಡಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80. ಟೇಪಿಗೆ ಏನು ಮಹಾ ಖರ್ಚು?

ಇನ್ನು ಹಾಲು ಮೊಸರಿನ ಮಾತು. ಕಲ್ಲಿನಲ್ಲಿ ಕ್ಯಾಲ್ಸಿಯಂ ಇದೆ, ಆದ್ದರಿಂದ ಹಾಲು ಬಿಡಿ ಅನ್ನುವ ತರ್ಕ ಕೇಳಲು ಚೆಂದ, ಆದರೆ ಉಲ್ಟಾ. ಊಟದ ಜೊತೆ ಹೋದ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಹೊರಹಾಕುತ್ತದೆ. ಇಟಲಿಯಲ್ಲಿ 120 ಜನರನ್ನು 5 ವರ್ಷ ಗಮನಿಸಿ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕ್ಯಾಲ್ಸಿಯಂ ಕಡಿಮೆ ಮಾಡಿದವರಿಗಿಂತ, ಅದನ್ನು ಸಾಕಷ್ಟು ತಿಂದು ಉಪ್ಪು ಮಾಂಸ ಕಡಿಮೆ ಮಾಡಿದವರಿಗೆ ಕಲ್ಲು ಮರುಕಳಿಸಿದ್ದು ಸುಮಾರು ಅರ್ಧ. ಹೆಚ್ಚು ಉಪ್ಪು ಮೂತ್ರದೊಳಗೆ ಕ್ಯಾಲ್ಸಿಯಂ ತಳ್ಳುತ್ತದೆ. ಮೆಸ್ಸಿನಲ್ಲಿ ಮೊಸರು ಬೇಡ ಅಂದು ಉಪ್ಪಿನಕಾಯಿ ಎರಡು ಸಲ ಬಡಿಸಿಕೊಳ್ಳುವ ಗೆಳೆಯರು ದಯವಿಟ್ಟು ಗಮನಿಸಬೇಕು.

ಲೋಕಲ್ಲಿನಲ್ಲಿ ಓಡಾಡುವ ನಾವು ನೀರು ಕುಡಿಯುವುದೇ ಕಮ್ಮಿ. ಕಲ್ಲಾದವರಿಗೆ ದಿನಕ್ಕೆ 2 ಲೀಟರಿಗೂ ಮೀರಿ ಮೂತ್ರ ಬರುವಷ್ಟು ನೀರು ಬೇಕು. ನಿಂಬೆಹಣ್ಣಿನ ಸಿಟ್ರೇಟ್ ಕಲ್ಲು ಕಟ್ಟುವುದನ್ನು ತಡೆಯುತ್ತದೆ, ಆದರೆ ಸಕ್ಕರೆ ಸುರಿದ ಶರಬತ್ತು ಬೇಡ. ಕಲ್ಲು ಹೊರಬಿದ್ದರೆ ಬಿಸಾಡದೆ ಪರೀಕ್ಷೆಗೆ ಕೊಡಿ. ಯೂರಿಕ್ ಆಮ್ಲದ್ದಾದರೆ, ಒಳಗೆ ಉಳಿದದ್ದನ್ನು ಡಾಕ್ಟರರು ಸಿಟ್ರೇಟ್ ಔಷಧಿಯಿಂದಲೇ ಕರಗಿಸಲೂಬಹುದು. ಕ್ಯಾಲ್ಸಿಯಂ ಕಲ್ಲು ಹಾಗೆ ಕರಗೋದಿಲ್ಲ.